ಐದು ನಕ್ಷತ್ರದ ಕಾರು, ಅಜ್ಜಿಯ ಮಡಿಲು ಮತ್ತು ಮಗುವಿನ ಸುರಕ್ಷತೆ

ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆ ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಹಿಂದೆ ಊರಿಗೆ ಹೋಗುವುದೆಂದರೆ ರಾತ್ರಿಯ ಬಸ್ಸು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಬಳಿಕ ರೈಲು ಟಿಕೇಟಿಗಾಗಿ ಸರದಿ. ಈಗ ಮಕ್ಕಳು ದುಡಿಯುವ ಕಾಲ ಬಂದಿದೆ, ಮನೆಯ ಮುಂದೆ ಕಾರು ನಿಂತಿದೆ. ನಸುಕಿನಲ್ಲೇ ಹೊರಟು ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ರಾತ್ರಿಯೊಳಗೆ ಊರು ಸೇರುವವರು ನಮ್ಮಲ್ಲಿ ಅನೇಕರು. ಆ ಕಾರಿನೊಳಗೆ ಇಣುಕಿದರೆ ಕಾಣುವ ನೋಟ ಎಲ್ಲರಿಗೂ ಪರಿಚಿತ. ಸ್ಟಿಯರಿಂಗ್ ಹಿಡಿದು ಮಗ, ಪಕ್ಕದಲ್ಲಿ ತಂದೆ, ಹಿಂದೆ ಅತ್ತೆ ಸೊಸೆಯರು, ಕಾಲ ಬಳಿ ತಿಂಡಿಯ ಡಬ್ಬಗಳು. ಮಗು ಎಲ್ಲಿ? ಅಜ್ಜಿಯ ಮಡಿಲಿನಲ್ಲಿ.

ಈ ನೋಟದಲ್ಲಿ ನಾವೂ ಇದ್ದೆವೆಂದು ಒಪ್ಪಿಕೊಂಡೇ ಮುಂದುವರಿಯಬೇಕು. ಮಗ ಕಾರು ಕೊಳ್ಳುವಾಗ ಮಾರಾಟದ ಹುಡುಗ, 'ಐದು ಸ್ಟಾರಿನ ಗಾಡಿ ಸಾಹೇಬರೇ, ಇನ್ನೇಕೆ ಚಿಂತೆ?' ಎಂದಿದ್ದ. ನಾವೂ ನಂಬಿದೆವು. ಬ್ಯಾಂಕಿನ ನೌಕರಿಯಲ್ಲಿ ನೂರಾರು ಕಾರು ಸಾಲದ ಅರ್ಜಿಗಳನ್ನು ಪರಿಶೀಲಿಸಿದವರು ನಾವು. ವಿಮೆಯ ಪತ್ರವಿಲ್ಲದೆ ಹಣ ಬಿಡುಗಡೆಗೆ ಸಹಿ ಹಾಕಿದವರಲ್ಲ. ಕಾರಿನ ಗಾಜು ಒಡೆದರೂ ಪರಿಹಾರ ದೊರೆಯುವಂತೆ ನೋಡಿಕೊಂಡೆವು. ಒಳಗಿನ ಮಗು ಎಲ್ಲಿ ಕುಳಿತುಕೊಳ್ಳುತ್ತದೆ ಎಂದು ಮಾತ್ರ ಯಾವ ಸಾಲಗಾರರನ್ನೂ ಕೇಳಲಿಲ್ಲ, ಸ್ವಂತ ಮಗನನ್ನೂ ಕೇಳಲಿಲ್ಲ. ಒಂದೂವರೆ ವರ್ಷದ ಮೊಮ್ಮಗಳಿಗೆ ಚೈಲ್ಡ್ ಸೀಟ್ ಬೇಕೇ ಬೇಕೆಂದು ಸೊಸೆ ಹಟ ಹಿಡಿದಾಗ, ಅಪಘಾತದಲ್ಲಿ ಯಾವ ಸೀಟು ಮಗುವನ್ನು ಉಳಿಸೀತು ಎಂದು ತೂಗಿ ನೋಡುವ ಬಗೆ ಹೇಗೆ ಎಂಬ ಪ್ರಶ್ನೆ ಎದುರಾಯಿತು. ಆ ವಿಚಾರಣೆಯ ಫಲ ಈ ಬರಹ.

ಮಡಿಲಿನ ಲೆಕ್ಕ

ಮೊದಲು ಮಡಿಲಿನ ಲೆಕ್ಕವನ್ನೇ ಮಾಡೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದರೆ ಅದರ ಪೆಟ್ಟು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ, ಕೆಳಗೆ ಬಿದ್ದುದಕ್ಕೆ ಸಮ. ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದು ಇಟ್ಟುಕೊಂಡರೂ ಹತ್ತು ಕಿಲೋ ತೂಕದ ಮಗುವನ್ನು ಹಿಡಿದಿರುವ ಕೈಗಳ ಮೇಲೆ ಆ ಕ್ಷಣ ಬೀಳುವ ಭಾರ ಸುಮಾರು 140 ಕಿಲೋ. ಹೆದ್ದಾರಿಯಲ್ಲಿ ನಮ್ಮ ವೇಗ ಇದರ ಎರಡರಷ್ಟಿರುತ್ತದೆ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟಾಗುತ್ತದೆ. ಯಾವ ಅಜ್ಜಿಯ, ಯಾವ ಪೈಲ್ವಾನನ ಕೈಗೂ ಇದು ಎಟುಕುವ ಮಾತಲ್ಲ. ಬೆಲ್ಟು ಹಾಕದ ಅಜ್ಜಿಯ ಮೈಯ ಭಾರವೇ ಮಗುವನ್ನು ಮುಂದಿನ ಸೀಟಿಗೆ ಅಪ್ಪಳಿಸುತ್ತದೆಂಬುದು ಇನ್ನೂ ಕಠೋರವಾದ ಸತ್ಯ. ಚೈಲ್ಡ್ ಸೀಟಿನ ಬಳಕೆಯಿಂದ ಮಕ್ಕಳ ಸಾವನ್ನು ಶೇಕಡಾ 60ರಷ್ಟು ತಗ್ಗಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಮಂದಿ ಅಸುನೀಗಿದರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅವರಲ್ಲಿ ಒಂಬತ್ತೂವರೆ ಸಾವಿರದಷ್ಟು ಜನ ಹದಿನೆಂಟು ತುಂಬದವರು. ಪಾದಚಾರಿಗಳು, ದ್ವಿಚಕ್ರ ವಾಹನದಲ್ಲಿದ್ದವರು ಎಲ್ಲರೂ ಸೇರಿದ ಸಂಖ್ಯೆ ಇದು. ಕಾರಿನೊಳಗಿನ ಮಕ್ಕಳು ಇದರಲ್ಲಿ ಒಂದು ಪಾಲು ಮಾತ್ರ. ಆದರೆ ಆ ಪಾಲನ್ನು ಕಡಿಮೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ನಕ್ಷತ್ರ ಯಾರಿಗೆ?

ಇನ್ನು ನಕ್ಷತ್ರಗಳ ವಿಚಾರ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೆ ಐದೂ ಶೂನ್ಯ ಪಡೆದವು. ಅಲ್ಲಿಂದೀಚೆಗೆ ಕಾರುಗಳು ಸುಧಾರಿಸಿವೆ, ನಕ್ಷತ್ರಗಳು ಜಾಹೀರಾತಿಗೆ ಬಂದಿವೆ. ಆದರೆ ಆ ಸಂಸ್ಥೆಯು ವಯಸ್ಕರಿಗೆ ಬೇರೆ, ಮಕ್ಕಳಿಗೆ ಬೇರೆ ಎಂದು ಎರಡು ಬಗೆಯ ನಕ್ಷತ್ರಗಳನ್ನು ನೀಡುತ್ತಿತ್ತೆಂಬುದನ್ನು ಎಷ್ಟು ಜನ ಗಮನಿಸಿದ್ದಾರೆ? 2020ರ ಜನವರಿಯಲ್ಲಿ ಪರೀಕ್ಷೆಗೊಳಗಾದ ಟಾಟಾ ಆಲ್ಟ್ರೋಜ್ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ಗಳಿಸಿತು, ಮಕ್ಕಳ ರಕ್ಷಣೆಗೆ ಮೂರು. 2022ರ ಕೊನೆಗೆ ಬಂದ ಮಹೀಂದ್ರ ಸ್ಕಾರ್ಪಿಯೋ-ಎನ್ ಫಲಿತಾಂಶವೂ ಅದೇ: ದೊಡ್ಡವರಿಗೆ ಐದು, ಚಿಕ್ಕವರಿಗೆ ಮೂರು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಎರಡೂ ವಿಭಾಗಗಳಲ್ಲಿ ಐದು ಪಡೆದವು. ಹಾಗಾದರೆ 'ಐದು ಸ್ಟಾರ್' ಎಂಬ ಮಾತಿಗೆ 'ಯಾರಿಗೆ?' ಎಂಬ ಮರುಪ್ರಶ್ನೆ ಅಗತ್ಯ.

2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದಿದೆ. ಅಲ್ಲಿ ವಯಸ್ಕರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ. ಮಕ್ಕಳ 49ರಲ್ಲಿ ಡಿಕ್ಕಿಯ ಪರೀಕ್ಷೆಗೆ 24, ಚೈಲ್ಡ್ ಸೀಟುಗಳು ಕಾರಿನಲ್ಲಿ ಸರಿಯಾಗಿ ಕೂರುತ್ತವೆಯೇ ಎಂಬುದಕ್ಕೆ 12, ಮಕ್ಕಳಿಗಾಗಿ ಕಾರಿನಲ್ಲಿರುವ ಅನುಕೂಲಗಳಿಗೆ 13. ಬ್ಯಾಲೆನ್ಸ್ ಶೀಟಿನಲ್ಲಿ ಕೊನೆಯ ಮೊತ್ತವನ್ನಷ್ಟೇ ನೋಡುವವನು ಒಳ್ಳೆಯ ಬ್ಯಾಂಕರ್ ಅಲ್ಲ; ಅಂತೆಯೇ ಇಲ್ಲೂ ಒಳಗಿನ ಬಾಬತ್ತುಗಳನ್ನು ನೋಡಬೇಕು.

ಹಾಗೆ ನೋಡಿದಾಗ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಡಿಕ್ಕಿಯ ಪರೀಕ್ಷೆಯಲ್ಲಿ ಕೂರಿಸುವುದು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳನ್ನು ಹೋಲುವ ಗೊಂಬೆಗಳನ್ನು. ಏಳೆಂಟು ವರ್ಷದ ಮಗುವಿನ ಬಗ್ಗೆ ಆ ಗೊಂಬೆಗಳು ನೇರವಾಗಿ ಏನನ್ನೂ ಹೇಳಲಾರವು. ಯುರೋಪಿನ ಯುರೋ ಎನ್‌ಕ್ಯಾಪ್ ಆರು ಮತ್ತು ಹತ್ತು ವರ್ಷದ ಮಕ್ಕಳ ಗಾತ್ರದ ಗೊಂಬೆಗಳನ್ನು ಬಳಸುತ್ತದೆ. ಎರಡನೆಯದು, ಅಂಕ ಬಂದಿರುವುದು ಪರೀಕ್ಷೆಯಲ್ಲಿ ಬಳಸಿದ ನಿರ್ದಿಷ್ಟ ಚೈಲ್ಡ್ ಸೀಟಿನೊಂದಿಗೆ. ನಾವು ಅಂಗಡಿಯಿಂದ ತರುವ ಬೇರೊಂದು ಸೀಟಿಗೆ ಆ ಅಂಕ ಅನ್ವಯಿಸದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಕ್ಷತ್ರ ದೊರೆತಿರುವುದು ಕಾರಿಗೆ, ಅದೂ ಮಗು ಸೀಟಿನಲ್ಲಿ ಸರಿಯಾಗಿ ಕುಳಿತಿದ್ದಾಗ. ಮಡಿಲಿನಲ್ಲಿ ಕುಳಿತ ಮಗುವಿನ ಪಾಲಿಗೆ ಐದು ನಕ್ಷತ್ರದ ಕಾರಿಗೂ ನಕ್ಷತ್ರವಿಲ್ಲ.

ಸೀಟಿನ ಚೀಟಿ ಓದುವ ಬಗೆ

ಹಾಗಾದರೆ ಸೀಟನ್ನೇ ಅಳೆಯುವುದು ಹೇಗೆ? ಸೀಟಿನ ಬೆನ್ನಿಗೋ ಬುಡಕ್ಕೋ ಒಂದು ಚೀಟಿ ಅಂಟಿಸಿರುತ್ತಾರೆ. ವಿಶ್ವಸಂಸ್ಥೆಯ ನಿಯಮದಡಿ ಅನುಮೋದನೆ ಪಡೆದ ಸೀಟಿನ ಚೀಟಿಯಲ್ಲಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಅನುಮೋದಿಸಿದ ದೇಶದ ಸಂಖ್ಯೆ ಇರುತ್ತವೆ. ಹಳೆಯ ನಿಯಮ ಆರ್44. ಅದು ಮಗುವಿನ ತೂಕದ ಮೇಲೆ ವರ್ಗೀಕರಿಸುತ್ತದೆ. ಅದರಲ್ಲಿ ಪಕ್ಕದಿಂದ ಬರುವ ಡಿಕ್ಕಿಯ ಪರೀಕ್ಷೆ ಇಲ್ಲ. 2013ರಲ್ಲಿ ಜಾರಿಗೆ ಬಂದ ಆರ್129, ಜನರ ಬಾಯಲ್ಲಿ 'ಐ-ಸೈಜ್', ಮಗುವಿನ ಎತ್ತರದ ಮೇಲೆ ವರ್ಗೀಕರಿಸುತ್ತದೆ, ಪಕ್ಕದ ಡಿಕ್ಕಿಯನ್ನೂ ಪರೀಕ್ಷಿಸುತ್ತದೆ, ಹದಿನೈದು ತಿಂಗಳು ತುಂಬುವವರೆಗೆ ಮಗುವನ್ನು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಿಸಬೇಕೆನ್ನುತ್ತದೆ. ಯುರೋಪ್ ಒಕ್ಕೂಟದಲ್ಲಿ 2024ರ ಸೆಪ್ಟೆಂಬರಿನಿಂದ ಆರ್44 ಸೀಟುಗಳ ಮಾರಾಟವೇ ನಿಂತಿದೆ. ಆದ್ದರಿಂದ ಎರಡು ಸೀಟುಗಳ ನಡುವೆ ಆಯ್ಕೆ ಇದ್ದಾಗ ಆರ್129 ಎಂದಿರುವುದೇ ಮೇಲು.

ಹಿಂಬದಿಗೆ ಮುಖವೇಕೆ? ಎಳೆಯ ಮಗುವಿನ ತಲೆ ಅದರ ಮೈತೂಕದ ಕಾಲು ಭಾಗದಷ್ಟಿರುತ್ತದೆ, ಕತ್ತು ಇನ್ನೂ ಮೃದು. ಮುಂದಕ್ಕೆ ಮುಖ ಮಾಡಿದ್ದರೆ ಡಿಕ್ಕಿಯಲ್ಲಿ ಪೆಟ್ಟೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ಬೆನ್ನು, ತಲೆಗಳೆರಡನ್ನೂ ಸೀಟಿನ ಬೆನ್ನೇ ತಾಳುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥ ಸೀಟನ್ನು ರೂಪಿಸಿದರು. ಗಗನಯಾತ್ರಿಗಳು ಒರಗಿ ಕೂರುವ ಭಂಗಿಯೇ ಅವರಿಗೆ ಪ್ರೇರಣೆ. ಆ ದೇಶದಲ್ಲಿ ಇಂದಿಗೂ ನಾಲ್ಕು ವರ್ಷದವರೆಗೆ ಹೀಗೆಯೇ ಕೂರಿಸುವ ರೂಢಿಯಿದೆ. ಆದರೆ ಇಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಎಂದೆಂದಿಗೂ ಇಡಬಾರದು. ಉಬ್ಬುವ ಏರ್‌ಬ್ಯಾಗಿನ ಹೊಡೆತವೇ ಮಗುವಿಗೆ ಪ್ರಾಣಾಂತಿಕ.

ಚೀಟಿ ಇದ್ದ ಮಾತ್ರಕ್ಕೆ ಎಲ್ಲವೂ ಆಯಿತೆನ್ನುವಂತಿಲ್ಲ. ಅದು ಪಾಸಾದ ಪತ್ರ, ರ‍್ಯಾಂಕಿನ ಪತ್ರವಲ್ಲ. ಎಷ್ಟು ಅಂತರದಲ್ಲಿ ಪಾಸಾಯಿತೆಂದು ಅದು ಹೇಳದು. ಜರ್ಮನಿಯ ಎಡಿಎಸಿಯಂಥ ಗ್ರಾಹಕ ಪರ ಸಂಸ್ಥೆಗಳು ಸೀಟುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿ ದರ್ಜೆ ನೀಡುವುದು ಇದಕ್ಕಾಗಿಯೇ. ಆದರೆ ಅಂಥ ಪರೀಕ್ಷಕರೂ ಎಡವಿದ್ದುಂಟು. 2007ರ ಜನವರಿಯಲ್ಲಿ ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆಯು 12 ಶಿಶು ಸೀಟುಗಳನ್ನು ಪರೀಕ್ಷಿಸಿ ಬಹುಪಾಲು ಅನುತ್ತೀರ್ಣವಾದವೆಂದು ಪ್ರಕಟಿಸಿತು. ತಾಯ್ತಂದೆಯರು ಕಂಗಾಲಾದರು. ಸರಕಾರಿ ತಜ್ಞರು ಪರಿಶೀಲಿಸಿದಾಗ ತಿಳಿದದ್ದೇನು? ಗಂಟೆಗೆ 38 ಮೈಲಿ ವೇಗದ ಪಕ್ಕದ ಡಿಕ್ಕಿ ಎಂದು ಹೇಳಿದ್ದ ಪರೀಕ್ಷೆ ವಾಸ್ತವದಲ್ಲಿ 70 ಮೈಲಿಗೂ ಮೀರಿದ ವೇಗಕ್ಕೆ ಸಮವಾಗಿತ್ತು. ಎರಡು ವಾರಗಳಲ್ಲೇ ಪತ್ರಿಕೆ ವರದಿಯನ್ನು ಹಿಂಪಡೆಯಿತು. ಯಾವ ವೇಗ, ಯಾವ ದಿಕ್ಕು, ಯಾವ ಗೊಂಬೆ ಎಂದು ಕೇಳದೆ ಫಲಿತಾಂಶವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅದೇ ದಶಕದಲ್ಲಿ ಇನ್ನೊಂದು ಚರ್ಚೆಯೂ ನಡೆಯಿತು. ಎರಡು ವರ್ಷ ದಾಟಿದ ಮಕ್ಕಳ ಪ್ರಾಣ ಉಳಿಸುವಲ್ಲಿ ಚೈಲ್ಡ್ ಸೀಟು ಸಾಮಾನ್ಯ ಸೀಟ್ ಬೆಲ್ಟಿಗಿಂತ ಮೇಲೇನಲ್ಲ ಎಂದು ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2005ರಲ್ಲಿ ವಾದಿಸಿದರು. 2006ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು, ಸರಿಯಾಗಿ ಬಳಸಿದರೆ ಸೀಟ್ ಬೆಲ್ಟಿಗಿಂತ ಚೈಲ್ಡ್ ಸೀಟು ಸಾವಿನ ಅಪಾಯವನ್ನು ಶೇಕಡಾ 28ರಷ್ಟು ತಗ್ಗಿಸುತ್ತದೆಂದು ಉತ್ತರಿಸಿತು. ತೀರ ತಪ್ಪಾಗಿ ಬಳಸಿದವರನ್ನೂ ಸೇರಿಸಿದಾಗ ಆ ಲಾಭ ಶೇಕಡಾ 21ಕ್ಕೆ ಇಳಿಯಿತು. ಗಮನಿಸಬೇಕಾದದ್ದು, ಈ ವಾದವೆಲ್ಲ ಬೆಲ್ಟು ಮೇಲೋ ಸೀಟು ಮೇಲೋ ಎಂಬುದರ ಸುತ್ತ. ಏನೂ ಇಲ್ಲದೆ ಕೂರಿಸಬಹುದೆಂದು ಇಬ್ಬರೂ ಹೇಳಲಿಲ್ಲ.

ನಮ್ಮ ಮನೆಗಳ ತಪ್ಪುಗಳು

ಅಮೆರಿಕದ ಸರಕಾರಿ ಅಧ್ಯಯನವೊಂದರ ಪ್ರಕಾರ ಅಲ್ಲಿನ ಚೈಲ್ಡ್ ಸೀಟುಗಳ ಶೇಕಡಾ 46ರಷ್ಟು ಯಾವುದಾದರೊಂದು ಬಗೆಯಲ್ಲಿ ತಪ್ಪಾಗಿ ಬಳಕೆಯಾಗುತ್ತಿದ್ದವು. ದುಬಾರಿ ಸೀಟು ಸಡಿಲವಾಗಿ ಕೂತರೆ ಅಗ್ಗದ ಸೀಟು ಬಿಗಿಯಾಗಿ ಕೂತಿರುವುದಕ್ಕಿಂತ ಕೀಳು. ಕಾರಿಗೆ ಕಟ್ಟುವ ಭಾಗದಲ್ಲಿ ಹಿಡಿದು ಅಲುಗಿಸಿದರೆ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯುವಷ್ಟು ಸಡಿಲವಿರಬಾರದು. ದೊಡ್ಡ ಮಕ್ಕಳಿಗೆ ಬೂಸ್ಟರ್ ಸೀಟು ಬೇಕು. ಬೆಲ್ಟು ಕತ್ತಿಗೆ ತಾಗದೆ ಭುಜದ ಮೇಲೆ, ಹೊಟ್ಟೆಯ ಮೇಲಲ್ಲದೆ ಸೊಂಟದ ಎಲುಬಿನ ಮೇಲೆ ಹಾಯಬೇಕು.

ನಮ್ಮವರಲ್ಲಿ ಇನ್ನೆರಡು ರೂಢಿಗಳಿವೆ. ಅಮೆರಿಕದಲ್ಲಿರುವ ಮಗಳು ತನ್ನ ಮಗುವಿನ ಸೀಟನ್ನು ಅಣ್ಣನ ಮಗುವಿಗೆಂದು ವಿಮಾನದಲ್ಲಿ ತರುತ್ತಾಳೆ. ಪ್ರೀತಿ ದೊಡ್ಡದು, ಆದರೆ ಅದು ಅಲ್ಲಿನ ನಿಯಮಕ್ಕೆ, ಅಲ್ಲಿನ ಕಾರುಗಳಿಗೆ ತಕ್ಕಂತೆ ರೂಪುಗೊಂಡದ್ದು. ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದರೆ ಅದು ಸಡಿಲಗೊಳ್ಳದಂತೆ ಬಿಗಿದು ನಿಲ್ಲುತ್ತದೆ. ಇಲ್ಲಿನ ಅನೇಕ ಕಾರುಗಳಲ್ಲಿ ಆ ವ್ಯವಸ್ಥೆ ಇಲ್ಲದ್ದರಿಂದ ಸೀಟು ಸಡಿಲವಾಗಿಯೇ ಉಳಿಯಬಹುದು. ಎರಡನೆಯದು, ಅಣ್ಣನ ಮಗುವಿನ ತೊಟ್ಟಿಲು ತಮ್ಮನ ಮಗುವಿಗೆ ಬರುವಂತೆ ಸೀಟೂ ಕೈಯಿಂದ ಕೈಗೆ ಬರುವುದು. ಒಮ್ಮೆ ಅಪಘಾತ ಕಂಡ ಸೀಟಿನ ಒಳಬಿರುಕು ಕಣ್ಣಿಗೆ ಕಾಣದು. ಅದರ ಪೂರ್ವಚರಿತ್ರೆ ಖಚಿತವಾಗಿ ತಿಳಿಯದಿದ್ದರೆ ಬೇಡವೆನ್ನುವುದೇ ಲೇಸು.

ಕಾನೂನೂ ಮೌನವಾಗಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 194-ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟು ಅಥವಾ ಚೈಲ್ಡ್ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ ಒಂದು ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಆಸನದಲ್ಲಿ ಬೆಲ್ಟಿಲ್ಲದೆ ಕುಳಿತು ಪ್ರಾಣ ಕಳೆದುಕೊಂಡ ಬಳಿಕ ಮುಂಬಯಿ ಪೊಲೀಸರು ನವೆಂಬರಿನಿಂದ ಹಿಂದೆ ಕೂರುವವರಿಗೂ ಬೆಲ್ಟು ಕಡ್ಡಾಯವೆಂದರು. ಆದರೂ ಮಡಿಲಿನ ಮಗುವಿಗಾಗಿ ಕಾರು ನಿಲ್ಲಿಸಿದ ಪೊಲೀಸರನ್ನು ನಾವಂತೂ ಕಂಡಿಲ್ಲ. ದಂಡದ ಭಯದಿಂದ ಆಗದ ಕೆಲಸ ತಿಳುವಳಿಕೆಯಿಂದ ಆಗಬೇಕು.

ಇಲ್ಲಿ ನಮ್ಮ ಕನ್ನಡ ಸಂಘಗಳಿಗೆ ಒಂದು ಬಿನ್ನಹ. ರಕ್ತದಾನ, ಕಣ್ಣಿನ ತಪಾಸಣೆಗಳ ಶಿಬಿರಗಳನ್ನು ನಾವು ಅಚ್ಚುಕಟ್ಟಾಗಿ ನಡೆಸುತ್ತೇವೆ. ಬೇಸಿಗೆಯ ರಜೆಗೆ ಮುನ್ನ ಒಂದು ಭಾನುವಾರ ಬೆಳಿಗ್ಗೆ ಸಭಾಗೃಹದ ಅಂಗಳದಲ್ಲಿ ನಾಲ್ಕು ಕಾರು ನಿಲ್ಲಿಸಿ, ಸೀಟು ಕಟ್ಟುವ ಬಗೆಯನ್ನು ಬಲ್ಲವರಿಂದ ತೋರಿಸಿದರೆ ಎರಡು ಗಂಟೆಯ ಕೆಲಸ. ಅಜ್ಜ ಅಜ್ಜಿಯರನ್ನೂ ಅಲ್ಲಿಗೆ ಕರೆಯಬೇಕು, ಏಕೆಂದರೆ ಮನೆಯಲ್ಲಿ ಬೇಡವೆನ್ನುವವರು ಸಾಮಾನ್ಯವಾಗಿ ನಾವೇ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇವೆ. ಸೀಟು ಬಂದ ಮೊದಲ ದಿನ ಮೊಮ್ಮಗಳು ಅತ್ತಳು, ಅವಳೊಂದಿಗೆ ಅಜ್ಜಿಯೂ ಕಣ್ಣೊರೆಸಿಕೊಂಡಳು. 'ಮಗುವನ್ನು ಕಟ್ಟಿಹಾಕುವುದೇ?' ಎಂಬುದು ಅವಳ ಪ್ರಶ್ನೆ. ಮೂರನೆಯ ಮಹಡಿಯ ಲೆಕ್ಕವನ್ನು ನಾವು ನಮ್ಮ ಬಾಲ್ಕನಿಯಿಂದ ಕೆಳಗೆ ತೋರಿಸಿ ವಿವರಿಸಿದೆವು. ಅವಳು ಏನೂ ಹೇಳಲಿಲ್ಲ. ಮರುವಾರ ಪುಣೆಗೆ ಹೊರಟಾಗ ತಾನೇ ಮೊದಲು ಬೆಲ್ಟು ಹಾಕಿಕೊಂಡು ಸೀಟಿನ ಪಕ್ಕದಲ್ಲಿ ಕುಳಿತಳು, ಒಂದು ಬೆರಳನ್ನು ಮಗುವಿನ ಮುಷ್ಟಿಗೆ ಕೊಟ್ಟಳು. ಖಂಡಾಲಾ ಘಾಟಿ ಏರುವ ಮೊದಲೇ ಮಗು ನಿದ್ರೆಹೋಗಿತ್ತು.