ಮೊಬೈಲ್ ಗಾಜು ವಿಕಿರಣದ ಲೆಕ್ಕ ಹೇಳಬಲ್ಲದೇ?

ಮೊಬೈಲ್ ಮತ್ತು ವಿಕಿರಣ ಎಂದ ಕೂಡಲೇ ನಮಗೆ ನೆನಪಾಗುವುದು ವಾಟ್ಸಾಪ್‌ನಲ್ಲಿ ಸುತ್ತುವ ಎಚ್ಚರಿಕೆಗಳು. ದಿಂಬಿನ ಕೆಳಗೆ ಫೋನ್ ಇಡಬೇಡಿ, ಹಿಂಬದಿಗೆ ಈ ಸ್ಟಿಕ್ಕರ್ ಅಂಟಿಸಿ, ಹೀಗೆ. ಆದರೆ ವಿಜ್ಞಾನಿಗಳು ಫೋನನ್ನು ಬೇರೆಯೇ ಕಾರಣಕ್ಕೆ ಗಮನಿಸುತ್ತಿದ್ದಾರೆ. ವಿಕಿರಣ ಅಪಘಾತವಾದರೆ, ಅದರ ಮಾಲೀಕನಿಗೆ ಎಷ್ಟು ವಿಕಿರಣ ತಗುಲಿರಬಹುದು ಎಂಬುದನ್ನು ಫೋನಿನ ಗಾಜಿನಿಂದಲೇ ಅಂದಾಜು ಮಾಡಬಹುದು.

ಇದು ಯಾವ ವಿಕಿರಣ?

ಫೋನ್ ಮತ್ತು ಟವರ್‌ಗಳು ಹೊಮ್ಮಿಸುವುದು ರೇಡಿಯೋ ತರಂಗಗಳನ್ನು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹೊರಹಾಕುವಷ್ಟು ಶಕ್ತಿ ಅವುಗಳಿಗಿಲ್ಲ. ಎಕ್ಸ್-ರೇ ಮತ್ತು ಗಾಮಾ ಕಿರಣಗಳಿಗೆ ಆ ಶಕ್ತಿಯಿದೆ. ಇವನ್ನು ಅಯಾನೀಕರಿಸುವ ವಿಕಿರಣ ಎನ್ನುತ್ತಾರೆ. ನಾವಿಲ್ಲಿ ಹೇಳುತ್ತಿರುವ ಗಾಜಿನ ಪರೀಕ್ಷೆ ಈ ಎರಡನೇ ಬಗೆಗೆ ಮಾತ್ರ ಸಂಬಂಧಿಸಿದ್ದು. ಟವರ್ ಪಕ್ಕದ ಮನೆಯವರ ಫೋನ್ ಗಾಜನ್ನು ಪರೀಕ್ಷಿಸಿದರೆ ಟವರ್ ಬಗ್ಗೆ ಏನೂ ತಿಳಿಯುವುದಿಲ್ಲ.

ಗಾಜಿನೊಳಗೆ ಏನಾಗುತ್ತದೆ?

ಗಾಮಾ ಕಿರಣ ಗಾಜನ್ನು ಹಾಯ್ದಾಗ ಕೆಲವು ಎಲೆಕ್ಟ್ರಾನ್‌ಗಳು ಜಾಗ ಬಿಟ್ಟು ಕದಲುತ್ತವೆ. ಅವುಗಳಲ್ಲಿ ಒಂದಷ್ಟು, ಗಾಜಿನ ರಚನೆಯಲ್ಲಿರುವ ಸಣ್ಣ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಆ ಗಾಜಿನ ಚೂರನ್ನು ಕಾಯಿಸಿದರೆ ಅವು ಬಿಡುಗಡೆಯಾಗಿ, ಕಣ್ಣಿಗೆ ಕಾಣದಷ್ಟು ಮಂದವಾದ ಬೆಳಕು ಹೊಮ್ಮುತ್ತದೆ. ಇದಕ್ಕೆ ಥರ್ಮೋಲ್ಯುಮಿನೆಸೆನ್ಸ್ ಎಂದು ಹೆಸರು. ಆಮೇಲೆ ಅದೇ ಚೂರಿಗೆ ಗೊತ್ತಿರುವ ಪ್ರಮಾಣದ ವಿಕಿರಣ ಕೊಟ್ಟು ಎರಡೂ ಬೆಳಕನ್ನು ಹೋಲಿಸಿದರೆ ಮೊದಲಿನ ಪ್ರಮಾಣ ಸಿಗುತ್ತದೆ.

ತತ್ವ ಹೊಸದಲ್ಲ. ಹಳೆಯ ಮಡಕೆ ಚೂರುಗಳ ವಯಸ್ಸನ್ನು ಅಳೆಯುವುದೂ ಹೀಗೆಯೇ. ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಕೆಲಸ ಮಾಡುವುದೂ ಇದರಿಂದಲೇ.

ಯಾರಿಗೆ ಬೇಕು ಈ ಲೆಕ್ಕ?

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ್ದ ಹಳೆಯ ಉಪಕರಣ ಬಂತು. ಅದರೊಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದು ಗೊತ್ತಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಎಕ್ಸ್-ರೇ ಸಿಬ್ಬಂದಿಗೆ ಬ್ಯಾಡ್ಜ್ ಇರುತ್ತದೆ, ಗುಜರಿ ಕೆಲಸದವರಿಗೆ ಎಲ್ಲಿಂದ ಬರಬೇಕು? ಆದರೆ ಇಂದು ಅವರ ಜೇಬಿನಲ್ಲೂ ಫೋನ್ ಇರುತ್ತದೆ.

ಇನ್ನೊಂದು ಕಷ್ಟ ಜನಜಂಗುಳಿಯದು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಿಂದ ಸೀಸಿಯಂ-137 ಹೊರಬಿದ್ದಾಗ 1,12,000ಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ವಿಕಿರಣ ವಸ್ತು ಅಂಟಿದ್ದು 249 ಮಂದಿಗೆ. ನಾಲ್ವರು ಸತ್ತರು. ಹೆದರಿಕೆಯಿಂದಲೂ ವಾಂತಿ, ತಲೆಸುತ್ತು ಬರಬಹುದಾದ್ದರಿಂದ ಲಕ್ಷಣ ನೋಡಿ ಬೇರ್ಪಡಿಸುವುದು ಸುಲಭವಲ್ಲ. ಸುಮಾರು 2 ಗ್ರೇಗಿಂತ ಹೆಚ್ಚು ವಿಕಿರಣ ಇಡೀ ದೇಹಕ್ಕೆ ತಗುಲಿದವರಿಗೆ ಆಸ್ಪತ್ರೆಯ ಆರೈಕೆ ಬೇಕು. ರಕ್ತದ ವರ್ಣತಂತು ಪರೀಕ್ಷೆ ನಂಬಿಕಸ್ಥ, ಆದರೆ ರಕ್ತಕಣಗಳನ್ನು ಬೆಳೆಸುವುದಕ್ಕೇ ಎರಡು ದಿನ ಬೇಕು. ಮೊದಲು ಯಾರನ್ನು ನೋಡಬೇಕು ಎಂದು ವಿಂಗಡಿಸಲು ಗಾಜಿನ ಲೆಕ್ಕ ನೆರವಾಗುತ್ತದೆ.

ಮಿತಿಗಳೇನು?

ಮೊದಲನೆಯದು, ಪರೀಕ್ಷೆಗೆ ಗಾಜನ್ನು ಕತ್ತರಿಸಬೇಕು. ಆ ಫೋನ್ ಪರದೆ ಮತ್ತೆ ಬಳಕೆಗೆ ಬರುವುದಿಲ್ಲ. ಎರಡನೆಯದು, ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳು ದಿನ ಕಳೆದಂತೆ ತಾವಾಗಿ ಜಾರಿಹೋಗುತ್ತವೆ. ಬಿಸಿಲೂ ಲೆಕ್ಕ ಕೆಡಿಸುತ್ತದೆ. ಏನೂ ಆಗದ ಹೊಸ ಗಾಜಿನಲ್ಲೂ ಸ್ವಲ್ಪ ಬೆಳಕಿರುವುದರಿಂದ ಸಣ್ಣ ಪ್ರಮಾಣ ಗೊತ್ತಾಗುವುದಿಲ್ಲ. ಒಂದು ಸಿಟಿ ಸ್ಕ್ಯಾನ್‌ನ ವಿಕಿರಣ ಇಲ್ಲಿ ಕಾಣದು. ಫೋನಿನ ಸರ್ಕ್ಯೂಟ್‌ನಲ್ಲಿರುವ ಪುಟ್ಟ ರೆಸಿಸ್ಟರ್‌ಗಳನ್ನು, ಕಾಯಿಸುವ ಬದಲು ಬೆಳಕು ಹಾಯಿಸಿ ಪರೀಕ್ಷಿಸುವ ವಿಧಾನವೂ ಇದೆ. ಇದು ಗಾಜಿಗಿಂತ ಸೂಕ್ಷ್ಮ.

ಎಲ್ಲಕ್ಕಿಂತ ಮುಖ್ಯವಾದದ್ದು, ಗಾಜು ಹೇಳುವುದು ಫೋನಿಗೆ ತಗುಲಿದ ಲೆಕ್ಕವನ್ನು, ಮನುಷ್ಯನಿಗೆ ತಗುಲಿದ್ದನ್ನಲ್ಲ. ಫೋನ್ ಮೇಜಿನ ಮೇಲಿದ್ದು ನೀವು ಯಂತ್ರದ ಪಕ್ಕದಲ್ಲಿದ್ದರೆ ಉತ್ತರ ತಪ್ಪುತ್ತದೆ. ವಿಕಿರಣ ವಸ್ತು ಉಸಿರಿನಲ್ಲೋ ಊಟದಲ್ಲೋ ಒಳಗೆ ಹೋಗಿದ್ದರೆ ಗಾಜಿಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದ ಗಾಜಿನ ಫಲಿತಾಂಶ ನೋಡಿ "ನಿಮಗೇನೂ ಆಗಿಲ್ಲ" ಎಂದು ಯಾರನ್ನೂ ಮನೆಗೆ ಕಳುಹಿಸುವಂತಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು?

ಗಾಜಿನ ಈ ಲೆಕ್ಕವನ್ನು ಯಾವ ಆ್ಯಪ್ ಕೂಡ ಓದಲಾರದು. ಮನೆಯಲ್ಲಿ ಗಾಜು ಕಾಯಿಸಲು ಹೋದರೆ ಅಪಾಯವೇ ಹೊರತು ಪ್ರಯೋಜನವಿಲ್ಲ. ಗುಜರಿಯಲ್ಲೋ ಬೇರೆಲ್ಲೋ ಮೂರು ಎಸಳಿನ ವಿಕಿರಣ ಚಿಹ್ನೆಯಿರುವ ಭಾರದ ಲೋಹದ ವಸ್ತು ಕಂಡರೆ ಮುಟ್ಟಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ. ಈಗಾಗಲೇ ಹತ್ತಿರ ಹೋಗಿದ್ದರೆ, ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತು ಇದ್ದಿರಿ, ಫೋನ್ ಯಾವ ಜೇಬಿನಲ್ಲಿತ್ತು ಎಂಬುದನ್ನು ವೈದ್ಯರಿಗೆ ಹೇಳಿ. ಗಾಜಿನ ಲೆಕ್ಕಕ್ಕೆ ಅರ್ಥ ಬರುವುದು ಆ ವಿವರಗಳು ಜೊತೆಗಿದ್ದಾಗ ಮಾತ್ರ.