ಕಾರ್ಡ್ ಬದಲಿಸುವ ಮುನ್ನ ಕೆಲಸ ಕಡಿಮೆ ಮಾಡಿ

ಐವತ್ತು ಲೇಯರ್‌ಗಳಿರುವ ಚಿತ್ರದ ಮೇಲೆ ಕಲಾವಿದರೊಬ್ಬರು ಬ್ರಷ್ ಎಳೆದರೆ ಪೆನ್ನು ಮುಂದೆ ಹೋಗಿರುತ್ತದೆ, ಗೆರೆ ಹಿಂದಿನಿಂದ ತಡವರಿಸಿಕೊಂಡು ಬರುತ್ತದೆ. ಇದಕ್ಕೆ ಸಿಗುವ ಸಲಹೆ ಎಲ್ಲ ಕಡೆಯೂ ಒಂದೇ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಇಲ್ಲವೇ ಹೊಸ ಲ್ಯಾಪ್‌ಟಾಪ್ ಕೊಳ್ಳಿ. ಅಂಗಡಿಯವರು ಹೀಗೆ ಹೇಳುವುದು ಸಹಜ. ಸಾಫ್ಟ್‌ವೇರ್ ಬರೆಯುವವರೂ ಇದನ್ನೇ ಹೇಳತೊಡಗಿರುವುದು ಮಾತ್ರ ಒಪ್ಪತಕ್ಕದ್ದಲ್ಲ. ಇಂಥ ಕಡೆ ಬಹುಪಾಲು ಗೆರೆ ತಡವಾಗುವುದು ಸಾಫ್ಟ್‌ವೇರ್ ಮಾಡುವ ದಂಡದ ಕೆಲಸದಿಂದ. ಆ ದಂಡವನ್ನು ತೆರುತ್ತಿರುವವರು ಕೊಳ್ಳುವವರು.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. 4ಕೆ ಅಳತೆಯ ಚಿತ್ರದಲ್ಲಿ 3840 × 2160, ಅಂದರೆ 82,94,400 ಪಿಕ್ಸೆಲ್‌ಗಳಿವೆ. ಕೆಂಪು, ಹಸಿರು, ನೀಲಿ, ಜೊತೆಗೆ ಪಾರದರ್ಶಕತೆ ಹೇಳುವ ಆಲ್ಫಾ: ಒಂದೊಂದಕ್ಕೆ ಒಂದು ಬೈಟ್‌ನಂತೆ ಒಂದು ಲೇಯರ್‌ಗೆ ಸುಮಾರು 33 ಎಂಬಿ. ಐವತ್ತು ಲೇಯರ್‌ಗೆ 1.66 ಜಿಬಿ. ಬ್ರಷ್ ಕದಲಿದಾಗಲೆಲ್ಲ ತಳದಿಂದ ತುದಿಯವರೆಗೆ ಎಲ್ಲವನ್ನೂ ಹೊಸದಾಗಿ ಬೆರೆಸಿ, ಸೆಕೆಂಡಿಗೆ 60 ಸಲ ತೋರಿಸಬೇಕೆಂದರೆ ಮೆಮೊರಿಯಿಂದ ಓದುವುದೇ ಸೆಕೆಂಡಿಗೆ ಸುಮಾರು 100 ಜಿಬಿ. ಎರಡು ಚಾನೆಲ್‌ಗಳ ಡಿಡಿಆರ್4-3200 ಮೆಮೊರಿಯ ವೇಗ ಕಾಗದದ ಮೇಲೇ ಸೆಕೆಂಡಿಗೆ 51.2 ಜಿಬಿ. ಅಲ್ಲಿಗೆ ಲೆಕ್ಕ ಮುಗಿಯಿತು.

ಈ ಗೋಡೆಗೆ ಹಣೆ ಚಚ್ಚಿಕೊಳ್ಳುವ ಮೊದಲ ಬಗೆ, ಬೆರೆಸುವ ಸೂತ್ರವನ್ನೇ ಚುರುಕು ಮಾಡುವುದು. 1997ರಲ್ಲಿ ಇಂಟೆಲ್‌ನ ಎಂಎಂಎಕ್ಸ್ ಬಂದಾಗಿನಿಂದ ಪ್ರೊಸೆಸರ್‌ಗಳು ಒಂದೇ ಆದೇಶದಲ್ಲಿ ಎಂಟು ಬೈಟ್‌ಗಳನ್ನು ಒಟ್ಟಿಗೆ ಕೂಡಬಲ್ಲವು. ಎವಿಎಕ್ಸ್2ರಲ್ಲಿ ಅದು 32 ಬೈಟ್. ಒಳ್ಳೆಯದೇ, ಬಳಸಲೇಬೇಕು. ಆದರೆ ಮೆಮೊರಿಯಿಂದ ಅಂಕಿಗಳು ಬರುವುದೇ ತಡವಾದರೆ ಲೆಕ್ಕ ಮಾಡುವವನು ಎಷ್ಟು ಚುರುಕಾಗಿದ್ದು ಏನು ಫಲ? ಅಕ್ಕಿಯೇ ಬಾರದ ಮನೆಯಲ್ಲಿ ಒಲೆ ದೊಡ್ಡದು ಮಾಡಿದಂತೆ.

ಎರಡನೆಯ ಬಗೆ ಗ್ರಾಫಿಕ್ಸ್ ಕಾರ್ಡ್. ಪ್ರತ್ಯೇಕ ಕಾರ್ಡ್‌ನ ಸ್ವಂತ ಮೆಮೊರಿ ಸೆಕೆಂಡಿಗೆ ನೂರಾರು ಜಿಬಿ ಓದಬಲ್ಲದು, ನಿಜ. ಕಾರ್ಡ್ ಇದ್ದವರಿಗೆ ಅದರ ಬಲ ಸಿಗಲಿ. ಆದರೆ ವಿದ್ಯಾರ್ಥಿಗಳ, ಸಣ್ಣ ಡಿಟಿಪಿ ಅಂಗಡಿಗಳ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಪ್ರೊಸೆಸರ್‌ನೊಳಗೇ ಇರುತ್ತದೆ, ಅದೇ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಅಲ್ಲಿ ಕೆಲಸವನ್ನು ಚಿಪ್‌ಗೆ ದಾಟಿಸಿದರೂ ಬಾವಿಯೂ ಅದೇ, ಹಗ್ಗವೂ ಅದೇ.

ಉಳಿದ ದಾರಿ ಒಂದೇ: ಮಾಡಬೇಕಿಲ್ಲದ ಕೆಲಸ ಮಾಡದಿರುವುದು. ಈ ದಾರಿಗೆ ಬೇಕಾದ ಗಣಿತ ಹಳೆಯದು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಇಡುವ ಬೀಜಗಣಿತವನ್ನು ಪ್ರಕಟಿಸಿದರು. ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟುಕೊಂಡರೆ ಸೂತ್ರ ಸರಳವಾಗುತ್ತದೆ. ಸಾಮಾನ್ಯ ಮೋಡ್‌ನಲ್ಲಿರುವ ಮೂರು ಲೇಯರ್‌ಗಳಲ್ಲಿ ಮೇಲಿನೆರಡನ್ನು ಮೊದಲು ಬೆರೆಸಿದರೂ, ಕೆಳಗಿನೆರಡನ್ನು ಮೊದಲು ಬೆರೆಸಿದರೂ ಫಲ ಒಂದೇ. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರಲ್ಲಿ. ಗಣಿತ ಅದಕ್ಕೂ ಹತ್ತು ವರ್ಷ ಹಿರಿಯದು.

ಅದರಿಂದ ಆಗುವ ಲಾಭ ನೋಡಿ. ಕಲಾವಿದರು 30ನೆಯ ಲೇಯರ್ ಮೇಲೆ ಬರೆಯುತ್ತಿದ್ದರೆ ಕೆಳಗಿನ 29 ಕದಲುವುದಿಲ್ಲ. ಅವುಗಳ ಮೋಡ್ ಯಾವುದೇ ಇರಲಿ, ಒಮ್ಮೆ ಬೆರೆಸಿ ಒಂದೇ ಚಿತ್ರವಾಗಿ ಇಟ್ಟುಕೊಳ್ಳಬಹುದು. ಮೇಲಿನ 20 ಸಾಮಾನ್ಯ ಮೋಡ್‌ನಲ್ಲಿದ್ದರೆ ಅವೂ ಒಂದೇ ಚಿತ್ರ. ಐವತ್ತು ಇದ್ದದ್ದು ಮೂರಾಯಿತು. ಮೇಲೆ ಮಲ್ಟಿಪ್ಲೈ, ಓವರ್‌ಲೇಯಂಥ ಮೋಡ್ ಬಂದರೆ ಅದನ್ನು ಬಿಡಿಯಾಗಿಯೇ ಬೆರೆಸಬೇಕು. ಅಂಥವು ಒಂದೆರಡಿದ್ದರೂ ಸಂಖ್ಯೆ ಹತ್ತನ್ನು ದಾಟದು.

ಇನ್ನೂ ಇದೆ. ನೂರು ಪಿಕ್ಸೆಲ್ ಅಗಲದ ಬ್ರಷ್ ಒಂದು ಸಲ ಮುಟ್ಟುವುದು ಹೆಚ್ಚೆಂದರೆ 100 × 100, ಹತ್ತು ಸಾವಿರ ಪಿಕ್ಸೆಲ್. ಅಷ್ಟಕ್ಕೆ ಇಡೀ ಕ್ಯಾನ್ವಾಸ್ ಬೆರೆಸುವುದು ಒಂದು ಲೋಟ ಎಂಜಲಾಯಿತೆಂದು ಅಡುಗೆಮನೆಯ ಪಾತ್ರೆಯನ್ನೆಲ್ಲ ತೊಳೆದಂತೆ. ಕದಲಿದ ಜಾಗವನ್ನಷ್ಟೇ, ಮೂರೇ ಚಿತ್ರಗಳಿಂದ, ಸೆಕೆಂಡಿಗೆ 60 ಸಲ ಬೆರೆಸಿದರೆ ಓದಬೇಕಾದದ್ದು 7.2 ಎಂಬಿ. ನೂರು ಜಿಬಿ ಎಲ್ಲಿ, ಏಳು ಎಂಬಿ ಎಲ್ಲಿ! ಯಾವ ಕಾರ್ಡ್ ಈ ಅಂತರವನ್ನು ಹಣಕ್ಕೆ ಕೊಟ್ಟೀತು?

ಇದಕ್ಕೆ ಎರಡು ಆಕ್ಷೇಪಗಳಿವೆ. ಬೆರೆಸಿಟ್ಟ ಪ್ರತಿಗಳಿಗೆ ಮೆಮೊರಿ ಬೇಕು ಎಂಬುದು ಮೊದಲನೆಯದು. ಎರಡು ಪ್ರತಿಗೆ 66 ಎಂಬಿ; 1.66 ಜಿಬಿಯ ಚಿತ್ರಕ್ಕೆ ಅದು ನೂರಕ್ಕೆ ನಾಲ್ಕು. ಎರಡನೆಯದು ಗಟ್ಟಿ ಆಕ್ಷೇಪ: ಯಾವ ಪ್ರತಿ ಯಾವಾಗ ಹಳಸಿತು ಎಂಬ ಲೆಕ್ಕ ತಪ್ಪಿದರೆ ಪರದೆಯ ಮೇಲೆ ಹಳೆಯ ಚೂರುಗಳು ಉಳಿಯುತ್ತವೆ. ಬ್ಲರ್‌ನಂಥ ಪರಿಣಾಮವಿದ್ದರೆ ಕದಲಿದ ಜಾಗದ ಅಂಚನ್ನು ಅದು ಹರಡುವಷ್ಟು ಹಿಗ್ಗಿಸಬೇಕು. ಕಷ್ಟ ಹೌದು. ಆದರೆ ಆ ಕಷ್ಟವನ್ನು ಒಬ್ಬ ಪ್ರೋಗ್ರಾಮರ್ ಒಮ್ಮೆ ಪಟ್ಟರೆ ಸಾಕು. ಪಡದಿದ್ದರೆ ಬಳಸುವವರೆಲ್ಲ ದಿನವೂ ಪಡಬೇಕು. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು ನಿರ್ವಹಿಸುವುದನ್ನು ಕಲಿಯಬೇಕೆಂದರೆ ಜಿಂಪ್, ಕ್ರಿಟಾಗಳ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ.

ಕಷ್ಟ ಬೇಡವೆಂದವರು ಹಿಡಿಯುವ ಅಡ್ಡದಾರಿ ಇನ್ನೂ ಕೆಟ್ಟದ್ದು. ಬೆರೆಸುವಾಗ 255ರಿಂದ ಭಾಗಿಸಬೇಕಾದಲ್ಲಿ, ಬೇಗ ಆಗುತ್ತದೆಂದು 256ರಿಂದ ಭಾಗಿಸಿ ಉಳಿದದ್ದನ್ನು ಕತ್ತರಿಸುವುದುಂಟು. ಆಗ ಅಚ್ಚಬಿಳಿಯ 255, ಏನೂ ಬರೆಯದ ಖಾಲಿ ಲೇಯರ್ ಒಂದರ ಕೆಳಗೂ 254 ಆಗುತ್ತದೆ. ಹೆಜ್ಜೆಗೊಂದು ಅಂಕಿ ಇಳಿದು ಐವತ್ತು ಖಾಲಿ ಲೇಯರ್‌ಗಳ ಕೆಳಗೆ 205: ಬಿಳಿ ಹೋಗಿ ಬೂದು. ಎರಡು ಕೂಡಿಕೆ, ಎರಡು ಶಿಫ್ಟ್‌ಗಳಲ್ಲಿ ಸರಿಯಾದ ಉತ್ತರ ಪಡೆಯುವ ಉಪಾಯವನ್ನು ಜಿಮ್ ಬ್ಲಿನ್ 1990ರ ದಶಕದಲ್ಲೇ ಬರೆದು ತೋರಿಸಿದ್ದರು. ಕಲಾವಿದರ ಬಣ್ಣವನ್ನು ಕದ್ದು ವೇಗ ಕೊಡುವ ಅಗತ್ಯ ಆಗಲೂ ಇರಲಿಲ್ಲ, ಈಗಂತೂ ಇಲ್ಲ.

ಕಾರ್ಡ್ ಕೊಳ್ಳುವ ಮುನ್ನ ಯಾರಾದರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಒಂದೇ ಅಳತೆಯ ಎರಡು ಚಿತ್ರ, ಒಂದರಲ್ಲಿ ಐದು ಲೇಯರ್, ಇನ್ನೊಂದರಲ್ಲಿ ಐವತ್ತು, ಎಲ್ಲವೂ ಸಾಮಾನ್ಯ ಮೋಡ್‌ನಲ್ಲಿ. ಮೆಮೊರಿ ತುಂಬಿ ತುಳುಕದಂತೆ ನೋಡಿಕೊಂಡು ಎರಡರಲ್ಲೂ ಅದೇ ಸಣ್ಣ ಬ್ರಷ್ ಎಳೆಯಬೇಕು. ಗೆರೆ ಎರಡರಲ್ಲೂ ಒಂದೇ ಚುರುಕಿನಲ್ಲಿ ಬಂದರೆ ಸಾಫ್ಟ್‌ವೇರ್ ತನ್ನ ಪಾಲಿನದು ಮಾಡಿದೆ. ಐವತ್ತರಲ್ಲಿ ತಡವರಿಸಿದರೆ ದೂರು ಹೋಗಬೇಕಾದದ್ದು ಅದನ್ನು ಬರೆದವರಿಗೆ. ಜೇಬಿಗೆ ಕೈ ಹಾಕುವುದು ಆಮೇಲೆ.