ತೋಳು ಯಾರದು, ಹೂಟ ಯಾರದು?

ಅಮೆರಿಕದ ಕುಸ್ತಿ ಕಂಪನಿಯಾದ ಡಬ್ಲ್ಯು.ಡಬ್ಲ್ಯು.ಇ. 2006ರಲ್ಲಿ ‘ಸೀ ನೋ ಈವಿಲ್’ ಎಂಬ ಕೊಲೆಗಳ ಚಿತ್ರವನ್ನು ತೆರೆಗೆ ತಂದಿತು. ಹಾಕಿದ ಬಂಡವಾಳ ಸುಮಾರು 80 ಲಕ್ಷ ಡಾಲರು. ಅಮೆರಿಕವೊಂದರಲ್ಲೇ ಟಿಕೆಟಿನಿಂದ ಬಂದದ್ದು ಸುಮಾರು 1 ಕೋಟಿ 50 ಲಕ್ಷ. ಕೊಲೆಗಾರನ ಪಾತ್ರ ಕಂಪನಿಯ ಪೈಲ್ವಾನ ಕೇನ್‌ನದು.

ಕಥೆ ಇಷ್ಟು: ಶಿಕ್ಷೆ ಕಡಿಮೆಯಾದೀತೆಂಬ ಆಸೆಗೆ ಕೆಲವು ಎಳೆಯ ಕೈದಿಗಳು ಪಾಳುಬಿದ್ದ ಹೋಟೆಲೊಂದನ್ನು ಗುಡಿಸಲು ಬರುತ್ತಾರೆ. ಪೈಲ್ವಾನ ಒಬ್ಬೊಬ್ಬರನ್ನೇ ಕೊಂದು ಕಣ್ಣು ಕೀಳುತ್ತಾನೆ. ಕೊನೆಗೆ ತಿಳಿಯುವುದೇನು? ಅವರನ್ನು ಅಲ್ಲಿ ಬರಮಾಡಿಕೊಂಡ ಮುದುಕಿಯೇ ಅವನ ತಾಯಿ, ಹೂಟವೆಲ್ಲ ಅವಳದು!

ಈ ರಕ್ತದೋಕುಳಿಯನ್ನು ನಾವು ಮೆಚ್ಚಲಾರೆವು. ಆದರೆ ಕಥೆಯ ಪಾಠ ಚಿತ್ರ ತೆಗೆದವರಿಗೇ ಅನ್ವಯಿಸುತ್ತದೆ. ಪರದೆಯ ಮೇಲೆ ಕಾಣುವುದು ಪೈಲ್ವಾನನ ತೋಳು. ಲಾಭ ಎಣಿಸುವ ಕೈ ಕಾಣದು. ಆ ಕಂಪನಿ ತನ್ನ ಪೈಲ್ವಾನರನ್ನು ನೌಕರರೆಂದು ಒಪ್ಪದೆ ‘ಸ್ವತಂತ್ರ ಗುತ್ತಿಗೆದಾರ’ರೆಂದು ಲೆಕ್ಕ ಬರೆದಿತ್ತು. 2008ರಲ್ಲಿ ಮೂವರು ಮಾಜಿ ಪೈಲ್ವಾನರು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ದಾವೆ ವಜಾ ಆಯಿತು. ದುಡಿತಕ್ಕೆ ಮನೆಯವನು, ಹಕ್ಕಿಗೆ ಹೊರಗಿನವನು!

ಗುತ್ತಿಗೆಯ ಹೆಸರಿನಲ್ಲಿ ಹಕ್ಕು ಕಳೆದುಕೊಂಡ ಗಿರಣಿ ಕಾರ್ಮಿಕನಿಗೆ ಈ ಲೆಕ್ಕ ಹೊಸದಲ್ಲ. ಕೆಟ್ಟದ್ದನ್ನು ನೋಡಬೇಡ ಎನ್ನುತ್ತದೆ ಚಿತ್ರದ ಹೆಸರು. ನೋಡಿರಿ ಎನ್ನುತ್ತೇವೆ ನಾವು: ಬೆದರಿಸುವ ತೋಳನ್ನಷ್ಟೇ ಅಲ್ಲ, ಅದನ್ನು ಆಡಿಸುವ ಧಣಿಯನ್ನು.